ಗ್ರಂಥಋಣ ಕಲಿಸುವ ಬಗೆ



ಜೀವನವಿಡೀ ಪಾಠ ಹೇಳಿದ ಮೇಷ್ಟರೊಬ್ಬರ ಹೆಸರಿನಲ್ಲಿ ಅವರ ಮಕ್ಕಳು ಇರಿಸಿರುವ ದತ್ತಿಯ ಉಪನ್ಯಾಸ ಇದು. ಅದಕ್ಕೆ ತಕ್ಕಂತೆ ತರಗತಿಯೊಳಗಿನ ವಿಷಯವೊಂದನ್ನೇ ಇಂದು ನಿಮ್ಮ ಮುಂದಿಡುತ್ತೇನೆ. ವಿದ್ಯಾರ್ಥಿಗಳು ಬರೆಯುವಾಗ ಬೇರೆಯವರ ಮಾತನ್ನು, ವಿಚಾರವನ್ನು, ಮಾಹಿತಿಯನ್ನು ಹೇಗೆ ಬಳಸಬೇಕು, ಬಳಸಿದ್ದನ್ನು ಹೇಗೆ ಹೇಳಿಕೊಳ್ಳಬೇಕು, ಇದನ್ನು ಅವರಿಗೆ ಕಲಿಸುವ ಹೊಣೆ ಯಾರದು ಎಂಬುದೇ ಆ ವಿಷಯ.

ಕೃತಿಚೌರ್ಯದ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈಗ ಸಾಕಷ್ಟು ಮಾತು ನಡೆಯುತ್ತಿದೆ. ಹೆಚ್ಚಿನದು ಹಿಡಿಯುವ ಮಾತು, ದಂಡಿಸುವ ಮಾತು. ಕಲಿಸುವ ಮಾತು ಕಡಿಮೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆಕರಗಳ ವಿಷಯದಲ್ಲಿ ಪ್ರಾಮಾಣಿಕವಾಗಿರುವುದು ಒಂದು ಕಸುಬು. ಅದಕ್ಕೆ ಒಳ್ಳೆಯ ಮನಸ್ಸಿದ್ದರೆ ಸಾಲದು, ಕೈ ಪಳಗಬೇಕು. ಕೈ ಪಳಗಬೇಕಾದರೆ ಬಲ್ಲವರು ಹತ್ತಿರ ಕೂತು ತೋರಿಸಿಕೊಡಬೇಕು. ಪದವಿಯ ಮೊದಲ ವರ್ಷದಲ್ಲಿ ಏನನ್ನೂ ತೋರಿಸಿಕೊಡದೆ, ಪಿಎಚ್.ಡಿ. ಪ್ರಬಂಧ ಸಲ್ಲಿಸುವ ದಿನ ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರ ಕೇಳುವುದು, ಈಜು ಕಲಿಸದೆ ಹೊಳೆಗಿಳಿಸಿ ಮುಳುಗಿದವನಿಗೆ ದಂಡ ಹಾಕಿದಂತೆ.

ನಕಲು ಎಲ್ಲಿ ಶುರುವಾಗುತ್ತದೆ

ನಮ್ಮ ಮಕ್ಕಳು ಬರೆಯಲು ಕಲಿಯುವ ಬಗೆಯನ್ನೊಮ್ಮೆ ನೋಡೋಣ. ಪ್ರಾಥಮಿಕ ಶಾಲೆಯಿಂದ ಹಿಡಿದು ಪಿಯುಸಿವರೆಗೂ ಪ್ರಶ್ನೆಗೆ ಉತ್ತರವನ್ನು ಮೇಷ್ಟರು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತಾರೆ. ಒಂದು ಪದ ಅತ್ತಿತ್ತ ಆಗದಂತೆ ಬರೆದವರಿಗೆ ಹೆಚ್ಚು ಅಂಕ. ಸ್ವಂತ ಮಾತಿನಲ್ಲಿ ತೊದಲುತ್ತ ಬರೆದ ಹುಡುಗಿಗೆ ಕಡಿಮೆ ಅಂಕ. ಆ ಉತ್ತರ ಯಾವ ಪುಸ್ತಕದಿಂದ ಬಂತು, ಯಾರ ವಿಚಾರ ಎಂದು ಅವಳೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮುಂದೆ ಕಾಲೇಜಿಗೆ ಬಂದರೆ ಗೈಡು, ಹಿರಿಯ ವಿದ್ಯಾರ್ಥಿಗಳ ಜೆರಾಕ್ಸ್ ನೋಟ್ಸು, ಅಧ್ಯಾಪಕರು ಹೇಳಿ ಬರೆಸುವ ಟಿಪ್ಪಣಿ. ಅದರಲ್ಲೂ ಆಕರದ ಹೆಸರಿಲ್ಲ.

ಹೀಗೆ ಹದಿನೈದು ವರ್ಷ, ಇದ್ದುದನ್ನು ಇದ್ದಂತೆ ಒಪ್ಪಿಸುವುದೇ ವಿದ್ಯೆ ಎಂದು ನಂಬಿಸಿ, ಹದಿನಾರನೆಯ ವರ್ಷ ಅದೇ ಕೆಲಸವನ್ನು ಕಳ್ಳತನ ಎನ್ನುತ್ತೇವೆ. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಇದು ಅರ್ಥವಾಗುವುದಾದರೂ ಹೇಗೆ? ‘ಅಸೈನ್‌ಮೆಂಟ್ ಬರೆದು ತನ್ನಿ’ ಎಂದು ಹೇಳುವ ನಾವು, ಅದನ್ನು ಬರೆಯುವುದು ಹೇಗೆಂದು ಎಷ್ಟು ತರಗತಿಗಳಲ್ಲಿ ತೋರಿಸಿದ್ದೇವೆ? ಬಹುಪಾಲು ಕಡೆ ವಿಷಯ ಕೊಡುತ್ತೇವೆ, ಕೊನೆಯ ದಿನಾಂಕ ಕೊಡುತ್ತೇವೆ. ಸ್ಪೈರಲ್ ಬೈಂಡ್ ಆದ ಇಪ್ಪತ್ತು ಪುಟ ಬರುತ್ತದೆ. ಮುಖಪುಟ ನೋಡಿ ಅಂಕ ಹಾಕುತ್ತೇವೆ. ಒಳಗಿನದನ್ನು ಓದಿಲ್ಲವೆಂದು ವಿದ್ಯಾರ್ಥಿಗೆ ಗೊತ್ತಾದ ದಿನವೇ, ಬರೆಯುವುದು ವ್ಯರ್ಥ ಎಂಬುದೂ ಅವರಿಗೆ ಗೊತ್ತಾಗುತ್ತದೆ.

ಹಾಗೆಂದು ವಿದ್ಯಾರ್ಥಿಯ ಹೊಣೆ ಇಲ್ಲವೆನ್ನುತ್ತಿಲ್ಲ. ದುಡ್ಡು ಕೊಟ್ಟು ಪ್ರಬಂಧ ಬರೆಸಿಕೊಳ್ಳುವವರೂ ಇದ್ದಾರೆ, ಬರೆದುಕೊಡುವವರೂ ಇದ್ದಾರೆ. ಅದು ಗೊತ್ತಿದ್ದೂ ಮಾಡುವ ಮೋಸ, ಅದಕ್ಕೆ ದಂಡನೆಯೇ ಬೇಕು. ಆದರೆ ತಿಳಿಯದೆ ಆಗುವ ತಪ್ಪನ್ನೂ ತಿಳಿದು ಮಾಡುವ ಮೋಸವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಮೇಷ್ಟರ ಕೆಲಸ ಅಲ್ಲಿಗೆ ಮುಗಿಯುತ್ತದೆ.

ನಿಯಮ ಏನು ಹೇಳುತ್ತದೆ, ನಾವು ಏನು ಓದಿಕೊಂಡೆವು

2018ರ ಜುಲೈನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಶೈಕ್ಷಣಿಕ ಪ್ರಾಮಾಣಿಕತೆ ಮತ್ತು ಕೃತಿಚೌರ್ಯ ತಡೆಗೆ ಸಂಬಂಧಿಸಿದ ನಿಯಮಾವಳಿಯನ್ನು ಹೊರಡಿಸಿತು. ಅದರಲ್ಲಿ ಎಲ್ಲರ ಬಾಯಲ್ಲೂ ಇರುವುದು ಶೇಕಡಾವಾರು ಲೆಕ್ಕ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10 ಮೀರಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40 ಮೀರಿ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಸಂಶೋಧನಾರ್ಥಿಗಳು ಈ ಅಂಕಿಗಳನ್ನು ಮಗ್ಗಿಯಂತೆ ಹೇಳುತ್ತಾರೆ. ‘ಸರ್, ಹತ್ತರ ಒಳಗೆ ಬಂತು’ ಎಂದರೆ ಗೆದ್ದಂತೆ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಭಾಗವಿದೆ. ಪದವಿ ಮತ್ತು ಸ್ನಾತಕೋತ್ತರ ಪಠ್ಯಕ್ರಮದಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯ ಮೂಲತತ್ತ್ವಗಳನ್ನು ಕಡ್ಡಾಯ ಪಾಠವಾಗಿ ಸೇರಿಸಬೇಕು, ಪ್ರತಿ ಸೆಮಿಸ್ಟರಿನಲ್ಲೂ ಅರಿವು ಮೂಡಿಸುವ ಕಾರ್ಯಕ್ರಮ ನಡೆಸಬೇಕು, ಆಕರಗಳನ್ನು ಸರಿಯಾಗಿ ನಮೂದಿಸುವ ಕ್ರಮವನ್ನು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿಸಿಕೊಡಬೇಕು ಎಂದು ಅದು ಸಂಸ್ಥೆಗಳಿಗೆ ಹೇಳುತ್ತದೆ. ಕಲಿಸುವ ಹೊಣೆ ಸಂಸ್ಥೆಯದು ಎಂದು ಹೇಳುವ ಈ ಭಾಗವನ್ನು ಬಿಟ್ಟು, ಶಿಕ್ಷೆಯ ಪಟ್ಟಿಯನ್ನಷ್ಟೇ ನಾವು ಓದಿಕೊಂಡೆವು. ಪಿಎಚ್.ಡಿ. ಅಭ್ಯರ್ಥಿಗಳಿಗೆ 2 ಕ್ರೆಡಿಟ್‌ಗಳ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಕೋರ್ಸು ಬಂತು, ಒಳ್ಳೆಯದೇ. ಆದರೆ ಅದು ಬರುವ ಹೊತ್ತಿಗೆ ವಿದ್ಯಾರ್ಥಿಯ ಬರವಣಿಗೆಯ ಅಭ್ಯಾಸ ಗಟ್ಟಿಯಾಗಿ ಹೋಗಿರುತ್ತದೆ.

ತಂತ್ರಾಂಶದ ಮೇಲೆ ನಾವಿಟ್ಟ ಭರವಸೆಯೂ ದೊಡ್ಡದು. 2019ರಲ್ಲಿ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಮೂಲಕ ‘ಶೋಧಶುದ್ಧಿ’ ಯೋಜನೆ ಬಂದ ಮೇಲೆ ದೇಶದ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಪತ್ತೆ ಮಾಡುವ ಸೌಲಭ್ಯ ಸಿಕ್ಕಿತು. ಉಪಯುಕ್ತ ಸಾಧನ, ಬೇಡವೆನ್ನುವುದಿಲ್ಲ. ಆದರೆ ಅದು ಹೇಳುವುದು ಪದಗಳ ಹೋಲಿಕೆಯನ್ನು ಮಾತ್ರ. ಸರಿಯಾಗಿ ಉದ್ಧರಣ ಚಿಹ್ನೆ ಹಾಕಿದ ವಚನವನ್ನೂ ಅದು ಬಣ್ಣ ಬಳಿದು ತೋರಿಸಬಹುದು. ಇಂಗ್ಲಿಷ್ ಪುಸ್ತಕದ ಒಂದು ಅಧ್ಯಾಯವನ್ನೇ ಸದ್ದಿಲ್ಲದೆ ಕನ್ನಡಕ್ಕಿಳಿಸಿ ಸ್ವಂತದ್ದೆಂದು ಕೊಟ್ಟರೆ ಅದರ ಕಣ್ಣಿಗೆ ಬೀಳದೆಯೂ ಹೋಗಬಹುದು. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಯೂನಿಕೋಡ್ ಬರುವ ಮುಂಚಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಬರಹವನ್ನು, ಚಿತ್ರವಾಗಿ ಸ್ಕ್ಯಾನ್ ಆದ ಹಳೆಯ ಪ್ರಬಂಧವನ್ನು ಯಂತ್ರ ಓದುವುದೇ ಕಷ್ಟ. ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಯನ್ನು ನಿಯಮ ಬಿಟ್ಟುಬಿಡುತ್ತದೆ. ಪ್ರತ್ಯಯಗಳನ್ನೆಲ್ಲ ಪದದೊಳಗೇ ಅಡಗಿಸಿಕೊಳ್ಳುವ ಕನ್ನಡದಲ್ಲಿ 14 ಪದ ಎಂದರೆ ಒಂದು ಪೂರ್ಣ ವಾದವನ್ನೇ ಮಂಡಿಸಬಹುದಾದ ಜಾಗ. ಆದ್ದರಿಂದ ಕನ್ನಡದಲ್ಲಿ ಪಾಠ ಹೇಳುವ ನಾವು ಅಂಕಿಯ ಹಿಂದೆ ನಿಲ್ಲುವಂತಿಲ್ಲ.

ಒಂದು ವಾಕ್ಯದ ಜೊತೆ ಕೂತು

ಕಲಿಸುವುದು ಎಂದರೆ ಏನು ಎಂಬುದನ್ನು ಉದಾಹರಣೆಯಿಂದಲೇ ಹೇಳುತ್ತೇನೆ. ಯಾವುದೋ ಪುಸ್ತಕದಲ್ಲಿ ಹೀಗೊಂದು ಮಾತಿದೆ ಎಂದಿಟ್ಟುಕೊಳ್ಳಿ. ಇದು ಪಾಠಕ್ಕಾಗಿ ನಾನೇ ಕಟ್ಟಿದ ವಾಕ್ಯ: ‘ಕೆರೆ ಕಟ್ಟಿಸುವುದು ಪುಣ್ಯದ ಕೆಲಸವೆಂದು ಶಾಸನಗಳು ಹೊಗಳುತ್ತವೆ. ಆದರೆ ಕೆರೆಗಳನ್ನು ಉಳಿಸಿದ್ದು ಪುಣ್ಯದ ಆಸೆಯಲ್ಲ, ವರ್ಷವರ್ಷವೂ ಹೂಳೆತ್ತಲು ಊರು ಬಿಟ್ಟುಕೊಟ್ಟ ಭೂಮಿ.’

ವಿದ್ಯಾರ್ಥಿ ಇದನ್ನು ತನ್ನ ಬರಹಕ್ಕೆ ತರುತ್ತಾನೆ: ‘ಕೆರೆ ನಿರ್ಮಿಸುವುದು ಪುಣ್ಯಕಾರ್ಯವೆಂದು ಶಿಲಾಶಾಸನಗಳು ಪ್ರಶಂಸಿಸುತ್ತವೆ. ಆದಾಗ್ಯೂ ಕೆರೆಗಳನ್ನು ಸಂರಕ್ಷಿಸಿದ್ದು ಪುಣ್ಯದ ಬಯಕೆಯಲ್ಲ, ಪ್ರತಿವರ್ಷ ಹೂಳು ತೆಗೆಯಲು ಗ್ರಾಮವು ನೀಡಿದ ಜಮೀನು.’ ಪದಗಳು ಬದಲಾದವು. ಕಟ್ಟಿಸು ಹೋಗಿ ನಿರ್ಮಿಸು ಬಂತು, ಊರು ಹೋಗಿ ಗ್ರಾಮ ಬಂತು. ತಂತ್ರಾಂಶಕ್ಕೆ ಸಿಗದೆ ಪಾರಾಗಲೂಬಹುದು. ಆದರೆ ವಾಕ್ಯದ ಎಲುಬು ಅದೇ, ತಿರುವು ಅದೇ, ವಾದವಂತೂ ಪೂರ್ತಿ ಅದೇ. ‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂದು ನಾವು ಹೇಳಿದ್ದನ್ನು ಅವನು ‘ಪದ ಬದಲಿಸಿ’ ಎಂದು ತಿಳಿದುಕೊಂಡಿದ್ದಾನೆ. ಅವನ ಕನ್ನಡವೂ ಕೆಟ್ಟಿತು, ವಿಚಾರವೂ ಅವನದಾಗಲಿಲ್ಲ.

ಈಗ ಪುಸ್ತಕ ಮುಚ್ಚಿಸಿ ಕೇಳಬೇಕು: ‘ಇವರು ಏನು ಹೇಳುತ್ತಿದ್ದಾರಪ್ಪ? ನಿನಗೆ ಒಪ್ಪಿಗೆಯೇ? ಹೇಗೆ ಪರೀಕ್ಷಿಸುತ್ತೀ?’ ಸ್ವಲ್ಪ ಹೊತ್ತು ತಡವರಿಸಿದ ಮೇಲೆ ಇಂಥದೊಂದು ಬರಹ ಬಂದೀತು: ‘ಕೆರೆಗಳ ಉಳಿವಿಗೆ ಧಾರ್ಮಿಕ ನಂಬಿಕೆಗಿಂತ ದುರಸ್ತಿಗೆಂದು ಬಿಟ್ಟ ಭೂಮಿ ಮುಖ್ಯ ಕಾರಣ ಎಂದು ಈ ಲೇಖಕರು ವಾದಿಸುತ್ತಾರೆ. ನಮ್ಮ ತಾಲ್ಲೂಕಿನ ಕೆರೆ ಶಾಸನಗಳಲ್ಲಿ ಅಂಥ ಭೂಮಿಯ, ಅಂದರೆ ಬಿತ್ತುವಟ್ಟದ, ಪ್ರಸ್ತಾಪ ಎಷ್ಟು ಕಡೆ ಇದೆ ಎಂದು ನೋಡಿದರೆ ಈ ವಾದವನ್ನು ಒರೆಗೆ ಹಚ್ಚಬಹುದು.’ ಇಲ್ಲಿ ಲೇಖಕರ ಪಾಲೆಷ್ಟು, ವಿದ್ಯಾರ್ಥಿಯ ಪಾಲೆಷ್ಟು ಎಂಬುದು ಸ್ಪಷ್ಟವಾಗಿದೆ. ಲೇಖಕರ ಹೆಸರು, ಪುಟಸಂಖ್ಯೆ ಅಡಿಟಿಪ್ಪಣಿಯಲ್ಲಿ ಬಂದರೆ ಕೆಲಸ ಪೂರ್ತಿಯಾಯಿತು. ಇನ್ನೊಬ್ಬರ ವಿಚಾರವನ್ನು ಅವರದೆಂದು ಒಪ್ಪಿಕೊಂಡ ಮರುಕ್ಷಣವೇ ಅವನ ಸ್ವಂತ ವಿಚಾರ ಹುಟ್ಟಿತು, ಗಮನಿಸಿ. ಆಕರದ ಹೆಸರು ಹೇಳಿದರೆ ತನ್ನ ಬೆಲೆ ಕಡಿಮೆಯಾಗುತ್ತದೆ ಎಂದು ಹೆದರುವ ವಿದ್ಯಾರ್ಥಿಗೆ ನಾವು ಕಾಣಿಸಬೇಕಾದ್ದು ಇದನ್ನೇ.

ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಈ ವಿವೇಚನೆ ಹೊಸದಾಗಿ ಕಾಣಬೇಕಿಲ್ಲ. ನಮ್ಮಲ್ಲಿ ಕವಿರಾಜಮಾರ್ಗ ಹುಟ್ಟಿದ ಒಂಬತ್ತನೆಯ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ, ಒಬ್ಬ ಕವಿಯ ಅರ್ಥ ಇನ್ನೊಬ್ಬನಲ್ಲಿ ಹೋಲುವ ಬಗೆಯನ್ನು ಮೂರಾಗಿ ವಿಂಗಡಿಸಿದ. ಪ್ರತಿಬಿಂಬದಂತೆ ಹೋಲುವುದು, ಚಿತ್ರದಂತೆ ಹೋಲುವುದು, ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯ ಹೋಲುವಂತೆ ಹೋಲುವುದು. ಮೊದಲೆರಡನ್ನು ಬಿಡಬೇಕು, ಮೂರನೆಯದರಲ್ಲಿ ತನ್ನದೇ ಜೀವವಿರುವುದರಿಂದ ದೋಷವಿಲ್ಲ ಎಂಬುದು ಅವನ ನಿರ್ಣಯ. ಅವನ ಅನಂತರ ಬಂದ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಬೇರೆಬೇರೆಯಾಗಿ ಅಧ್ಯಾಯಗಳನ್ನೇ ಬರೆದ. ಪದ ಕದಿಯುವುದು ಬೇರೆ, ವಿಚಾರ ಕದಿಯುವುದು ಬೇರೆ ಎಂಬ ತಿಳಿವಳಿಕೆ ಅಷ್ಟು ಹಳೆಯದು. ಕಾವ್ಯಮೀಮಾಂಸೆಯ ತರಗತಿಯಲ್ಲಿ ಇದನ್ನು ಪಾಠ ಮಾಡುತ್ತೇವೆ, ಪಕ್ಕದ ಕೋಣೆಯಲ್ಲಿ ಅಸೈನ್‌ಮೆಂಟು ತಿದ್ದುವಾಗ ನೆನೆಯುವುದಿಲ್ಲ.

ಕಾಣದ್ದನ್ನು ಕಂಡೆನೆನ್ನುವುದು

ಕೃತಿಚೌರ್ಯಕ್ಕಿಂತ ಹೆಚ್ಚು ವ್ಯಾಪಕವಾದ, ಯಾರೂ ತಪ್ಪೆಂದೇ ಎಣಿಸದ ಇನ್ನೊಂದು ರೂಢಿಯಿದೆ. ನೋಡದ ಮೂಲವನ್ನು ನೋಡಿದಂತೆ ನಮೂದಿಸುವುದು.

ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ.ಎಚ್. ಕೃಷ್ಣ. ನೂರಾರು ಅಸೈನ್‌ಮೆಂಟುಗಳಲ್ಲಿ ‘ಹಲ್ಮಿಡಿ ಶಾಸನದ ಪ್ರಕಾರ ಅದರ ಕಾಲ ಕ್ರಿ.ಶ. 450’ ಎಂಬ ವಾಕ್ಯ ಬರುತ್ತದೆ. ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿಯ ಸ್ವರೂಪ, ಅದರಲ್ಲಿ ಬರುವ ಅರಸನ ಹೆಸರು, ಭಾಷೆ ಇವುಗಳನ್ನು ನೋಡಿ ವಿದ್ವಾಂಸರು ಮಾಡಿದ ಊಹೆ ಸುಮಾರು 450. ಅದನ್ನು ಒಪ್ಪದೆ ಇನ್ನೂ ಈಚಿನದೆಂದು ವಾದಿಸಿದವರೂ ಇದ್ದಾರೆ. ‘ಶಾಸನದ ಪ್ರಕಾರ’ ಎಂದು ಬರೆದ ವಿದ್ಯಾರ್ಥಿ ಯಾರ ವಾಕ್ಯವನ್ನೂ ಕದ್ದಿಲ್ಲ. ಅವನ ಹೋಲಿಕೆಯ ಪ್ರಮಾಣ ಸೊನ್ನೆ ಬಂದೀತು. ಆದರೂ ಕಲ್ಲು ಹೇಳದ ಮಾತನ್ನು ಕಲ್ಲಿನ ಬಾಯಲ್ಲಿ ಹೇಳಿಸಿದ್ದಾನೆ, ವಿದ್ವಾಂಸರ ಶ್ರಮವನ್ನೂ ಅವರ ಭಿನ್ನಮತವನ್ನೂ ಒಂದೇ ಏಟಿಗೆ ಅಳಿಸಿದ್ದಾನೆ. ‘ಶಾಸನದಲ್ಲಿ ಕಾಲ ನಮೂದಾಗಿಲ್ಲ; ವಿದ್ವಾಂಸರು ಲಿಪಿಯ ಆಧಾರದ ಮೇಲೆ ಸುಮಾರು 450 ಎನ್ನುತ್ತಾರೆ ಎಂದು ಇಂಥ ಪುಸ್ತಕದಲ್ಲಿ ಓದಿದ್ದೇನೆ’ ಎಂದು ಬರೆಯಲು ಎಷ್ಟು ಪದ ಹೆಚ್ಚು ಬೇಕು? ಬೇಕಾದ್ದು ಪದವಲ್ಲ, ತಾನು ನಿಂತ ಜಾಗವನ್ನು ಇದ್ದಂತೆ ಹೇಳುವ ಅಭ್ಯಾಸ.

ವಚನಗಳ ಗತಿಯೂ ಇದೇ. ಮೊಬೈಲಿನಲ್ಲಿ ಬಂದ ಸಾಲುಗಳಿಗೆ ಯಾವುದೋ ಅಂಕಿತ ಅಂಟಿಸಿ ಬಸವಣ್ಣನವರ ವಚನ, ಅಕ್ಕನ ವಚನ ಎಂದು ಪ್ರಬಂಧದೊಳಗೆ ತರುತ್ತಾರೆ. ಕರ್ನಾಟಕ ಸರ್ಕಾರ 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿದೆ, ಪ್ರತಿ ವಚನಕ್ಕೂ ಸಂಖ್ಯೆಯಿದೆ. ಸಂಪುಟ ಯಾವುದು, ವಚನ ಎಷ್ಟನೆಯದು ಎಂದು ಕೇಳುವ ರೂಢಿಯನ್ನು ಅಧ್ಯಾಪಕರು ಇಟ್ಟುಕೊಂಡರೆ ಸಾಕು, ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋಗಲೇಬೇಕಾಗುತ್ತದೆ. ಶಾಸನಗಳಿಗೂ ಹಾಗೆಯೇ. ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕುವಾರು ಸಂಖ್ಯೆಯಿದೆ. ಆದರೆ ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯ ಸಂಖ್ಯೆಯೂ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯ ಸಂಖ್ಯೆಯೂ ಒಂದೇ ಆಗಿರುವುದಿಲ್ಲ. ಯಾವ ಆವೃತ್ತಿ ಎಂದು ಹೇಳದೆ ಸಂಖ್ಯೆ ಕೊಟ್ಟರೆ ಓದುಗ ಬೇರೆ ಶಾಸನದ ಮುಂದೆ ಹೋಗಿ ನಿಲ್ಲುತ್ತಾನೆ.

ನಮ್ಮ ಹಿರಿಯರು ನಡೆದ ದಾರಿ

ಇಷ್ಟು ಕಟ್ಟುನಿಟ್ಟು ಪಶ್ಚಿಮದಿಂದ ಬಂದ ಶಾಸ್ತ್ರ, ನಮಗೆ ಒಗ್ಗದು ಎನ್ನುವವರಿದ್ದಾರೆ. ಅವರಿಗೆ ನಮ್ಮ ಹಿರಿಯರನ್ನೇ ತೋರಿಸಬೇಕು. ಪಂಪ ತನ್ನ ಭಾರತಕಥೆಗೆ ವ್ಯಾಸರ ಋಣವನ್ನು ತಾನೇ ಮುಂದಾಗಿ ಹೇಳಿಕೊಂಡ, ತಾನು ವ್ಯಾಸನೆಂಬ ಗರ್ವ ತನಗಿಲ್ಲವೆಂದ. ಆಮೇಲೆ ಕಥೆಯನ್ನು ತನ್ನದೇ ದಾರಿಯಲ್ಲಿ ನಡೆಸಿ ಅರ್ಜುನನನ್ನು ನಾಯಕನಾಗಿ ನಿಲ್ಲಿಸಿದ. ಸಂಸ್ಕೃತ ಕಾವ್ಯಗಳ ವ್ಯಾಖ್ಯಾನಕಾರ ಮಲ್ಲಿನಾಥ, ಮೂಲಾಧಾರವಿಲ್ಲದೆ ಬರೆಯಕೂಡದೆಂಬ ನೇಮವನ್ನು ಆರಂಭದಲ್ಲೇ ತನಗೆ ತಾನೇ ಹಾಕಿಕೊಂಡ.

ಆಧುನಿಕ ಕನ್ನಡ ವಿದ್ವತ್ತಂತೂ ನಿಂತಿರುವುದೇ ಈ ನೇಮದ ಮೇಲೆ. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ ಬರೆಯುವಾಗ ಹೆಸರು ಮಾತ್ರ ತಿಳಿದು ಗ್ರಂಥ ದೊರೆಯದ ಕವಿಗಳ ವಿಷಯದಲ್ಲಿ ದೊರೆತಿಲ್ಲವೆಂದೇ ದಾಖಲಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆದರೆ ಪದ, ಅರ್ಥ, ಅದರ ಬೆನ್ನಿಗೇ ಆ ಪದ ಎಲ್ಲಿ ಬಳಕೆಯಾಗಿದೆ ಎಂಬ ಪ್ರಯೋಗ. ಒಂದು ಪದದ ಅರ್ಥ ಹೇಳುವುದಕ್ಕೂ ಸಾಕ್ಷಿ ಬೇಕೆಂದು ಆ ಸಂಪಾದಕರು ತಿಳಿದಿದ್ದರು.

ಗ್ರಂಥಸಂಪಾದನೆಯ ಕೆಲಸ ನೋಡಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಇದು ಗೊತ್ತು. ಒಂದು ಕಾವ್ಯದ ನಾಲ್ಕಾರು ಓಲೆಪ್ರತಿಗಳು ಸಿಕ್ಕರೆ ಸಂಪಾದಕರು ಪ್ರತಿಯೊಂದಕ್ಕೂ ಒಂದು ಅಕ್ಷರದ ಗುರುತು ಕೊಡುತ್ತಾರೆ. ಸರಿಯೆಂದು ತೋರಿದ ಪಾಠವನ್ನು ಮೇಲೆ ಅಚ್ಚು ಮಾಡಿ, ಬಿಟ್ಟ ಪಾಠಾಂತರಗಳನ್ನೆಲ್ಲ ಯಾವ ಪ್ರತಿಯದೆಂದು ಗುರುತಿಸಿ ಪುಟದ ಅಡಿಯಲ್ಲಿ ಕೊಡುತ್ತಾರೆ. ಬಿಟ್ಟದ್ದನ್ನು ಕೊಡುವುದೇಕೆ? ಐವತ್ತು ವರ್ಷದ ಮೇಲೆ ಬರುವ ಓದುಗನೊಬ್ಬ ‘ನೀವು ಬಿಟ್ಟ ಪಾಠವೇ ಸರಿ’ ಎಂದು ಹೇಳಲು ಸಾಧ್ಯವಾಗಲಿ ಎಂದು. ಆಕರ ಹೇಳುವುದರ ತಿರುಳು ಇದರಲ್ಲಿದೆ. ನಮ್ಮನ್ನು ಪರೀಕ್ಷಿಸುವ, ನಮ್ಮ ಮಾತನ್ನು ತಳ್ಳಿಹಾಕುವ ಹಕ್ಕನ್ನು ನಾವೇ ಕೈಯಾರೆ ಓದುಗನಿಗೆ ಕೊಡುತ್ತೇವೆ. ಜ್ಞಾನ ಬೆಳೆಯುವುದು ಆ ಹಕ್ಕಿನಿಂದ.

ಈ ಋಣ ಪುಸ್ತಕಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡು ಕೊಟ್ಟವರ ಹೆಸರನ್ನು ‘ಒಬ್ಬ ಹಳ್ಳಿಯ ಮುದುಕಿ’ ಎಂದು ಮುಗಿಸಿದ ಸಂಗ್ರಹಗಳು ನಮ್ಮಲ್ಲಿವೆ. ಸಂಗ್ರಾಹಕರಿಗೆ ಪದವಿ ಬಂತು, ಹಾಡಿದವರಿಗೆ ಹೆಸರೂ ಉಳಿಯಲಿಲ್ಲ. 1998ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪಗೌಡ ಮೊದಲಾದವರ ಜೊತೆಗೂಡಿ ತುಳುವಿನ ಸಿರಿ ಮಹಾಕಾವ್ಯವನ್ನು ಪ್ರಕಟಿಸಿದಾಗ, ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಎಂದು ಗಾಯಕರ ಹೆಸರು ಗ್ರಂಥದ ಶೀರ್ಷಿಕೆಯಲ್ಲೇ ಸೇರಿತು. ನಮ್ಮ ವಿದ್ಯಾರ್ಥಿಗಳು ಅಜ್ಜಿಯಿಂದ ಕೇಳಿದ ಕಥೆಗೂ, ನಾಟಿ ವೈದ್ಯರಿಂದ ತಿಳಿದ ಔಷಧಿಗೂ, ರೈತರಿಂದ ಕೇಳಿದ ಬೀಜದ ಹೆಸರಿಗೂ ಇದೇ ಗೌರವ ಸಲ್ಲಬೇಕು. ಹೇಳಿದವರು ಯಾರು, ಯಾವ ಊರು, ಯಾವ ದಿನ. ಹೆಸರು ಹಾಕಲು ಅವರು ಒಪ್ಪಿದ್ದಾರೆಯೇ. ಒಪ್ಪದಿದ್ದರೆ ಹೆಸರನ್ನು ಕಾಪಾಡುವುದೂ ಪ್ರಾಮಾಣಿಕತೆಯೇ.

ಯಂತ್ರ ಕೊಟ್ಟ ಆಧಾರ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ವಿಷಯಕ್ಕೆ ಹೊಸ ತುರ್ತು ಬಂದಿದೆ. ಕೇಳಿದರೆ ಸಾಕು, ಯಂತ್ರ ಸರಾಗವಾದ ಕನ್ನಡದಲ್ಲಿ ಪ್ರಬಂಧ ಬರೆದುಕೊಡುತ್ತದೆ. ಆಧಾರ ಕೊಡು ಎಂದರೆ ಪುಸ್ತಕದ ಹೆಸರು, ಲೇಖಕರು, ವರ್ಷ, ಪುಟ ಎಲ್ಲವನ್ನೂ ಕೊಡುತ್ತದೆ. ಅವುಗಳಲ್ಲಿ ಕೆಲವು ಪುಸ್ತಕಗಳು ಲೋಕದಲ್ಲೇ ಇರುವುದಿಲ್ಲ. ಮುಂದೆ ಯಾವ ಪದ ಬಂದರೆ ಒಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಿ ಬರೆಯುವ ಯಂತ್ರಕ್ಕೆ, ನಿಜವಾದ ಪುಸ್ತಕಕ್ಕೂ ನಿಜದಂತೆ ತೋರುವ ಪುಸ್ತಕಕ್ಕೂ ವ್ಯತ್ಯಾಸ ತಾನಾಗಿ ತಿಳಿಯದು.

ಇದು ವಿದ್ಯಾರ್ಥಿಗಳ ದೌರ್ಬಲ್ಯ ಮಾತ್ರ ಎಂದುಕೊಳ್ಳಬೇಡಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಯಂತ್ರ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಆಧಾರವಾಗಿ ಬಂದಿರುವುದನ್ನು ಗಂಭೀರವಾಗಿ ಪರಿಗಣಿಸಿತು. ಒಂದು ತಪ್ಪು ಉಲ್ಲೇಖದಿಂದ ಒಬ್ಬರ ಆಸ್ತಿ, ಒಬ್ಬರ ಜೀವನ ಏರುಪೇರಾಗಬಹುದಾದ ಜಾಗ ಅದು. ಅಡಿಟಿಪ್ಪಣಿ ಎಂದರೆ ಅಂಕಕ್ಕಾಗಿ ಮಾಡುವ ಶಿಷ್ಟಾಚಾರ ಎಂದು ತಿಳಿದ ವಿದ್ಯಾರ್ಥಿಗೆ ಈ ಪ್ರಕರಣಗಳನ್ನು ಓದಿ ಹೇಳಬೇಕು.

ಯಂತ್ರವನ್ನು ನಿಷೇಧಿಸುವುದರಲ್ಲಿ ನನಗೆ ನಂಬಿಕೆಯಿಲ್ಲ, ಅದು ನಡೆಯುವ ಮಾತೂ ಅಲ್ಲ. ಎರಡು ನೇಮ ಸಾಕು. ಬಳಸಿದ್ದರೆ ಎಲ್ಲಿ, ಯಾವುದಕ್ಕೆ ಬಳಸಿದೆ ಎಂದು ಬರೆಯಬೇಕು: ಕಾಗುಣಿತ ತಿದ್ದಿಸಿಕೊಂಡೆ, ಇಂಗ್ಲಿಷ್ ಲೇಖನದ ಸಾರ ಕೇಳಿದೆ, ವಿಷಯದ ರೂಪುರೇಷೆ ಕೇಳಿದೆ ಎಂದು. ಎರಡನೆಯದು, ಯಂತ್ರ ಹೇಳಿದ ಪುಸ್ತಕವನ್ನು ಕೈಯಲ್ಲಿ ಹಿಡಿದು ಆ ಪುಟವನ್ನು ಕಣ್ಣಾರೆ ಓದುವವರೆಗೂ ಅದು ಆಕರವಲ್ಲ. ಬರಹದ ಹೊಣೆ ಹೊರುವುದು ಹೆಸರು ಹಾಕಿದ ಮನುಷ್ಯನೇ ಹೊರತು ಯಂತ್ರವಲ್ಲ.

ಈ ವರ್ಷದಿಂದಲೇ ಮಾಡಬಹುದಾದ್ದು

ದೊಡ್ಡ ಸುಧಾರಣೆಗೆ ಕಾಯದೆ, ಒಂದು ಸಾಮಾನ್ಯ ಪದವಿ ಕಾಲೇಜಿನಲ್ಲಿ ಮಾಡಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಟಿಪ್ಪಣಿ ಮಾಡಿಕೊಳ್ಳುವುದನ್ನು ಕಲಿಸಿ. ಕೃತಿಚೌರ್ಯದ ಬಹುಪಾಲು ಬರೆಯುವಾಗ ಆಗುವುದಲ್ಲ, ಟಿಪ್ಪಣಿ ಮಾಡುವಾಗಲೇ ಆಗಿರುತ್ತದೆ. ಪುಸ್ತಕದ ವಾಕ್ಯವೂ ತನ್ನ ಯೋಚನೆಯೂ ಒಂದೇ ಶಾಯಿಯಲ್ಲಿ, ಒಂದೇ ಪುಟದಲ್ಲಿ ಬೆರೆತಿರುತ್ತವೆ. ಎರಡು ತಿಂಗಳ ಮೇಲೆ ಯಾವುದು ಯಾರದೆಂದು ಅವರಿಗೇ ಗೊತ್ತಾಗುವುದಿಲ್ಲ. ಹಾಳೆಯ ಮೇಲ್ಭಾಗದಲ್ಲಿ ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ, ಪುಟ. ಎಡಗಡೆ ಪುಸ್ತಕದ ಮಾತು ಉದ್ಧರಣ ಚಿಹ್ನೆಯೊಳಗೆ. ಬಲಗಡೆ ತನ್ನ ಮಾತು. ಕಲಿಸಲು ಒಂದು ತರಗತಿ ಸಾಕು, ರೂಢಿಯಾಗಲು ಒಂದು ಸೆಮಿಸ್ಟರು ಬೇಕು.

ಎರಡನೆಯದು, ಇಪ್ಪತ್ತು ಪುಟದ ಅಸೈನ್‌ಮೆಂಟು ನಿಲ್ಲಿಸಿ, ಎರಡು ಪುಟದ್ದು ಕೇಳಿ. ವಿಷಯ ವಿದ್ಯಾರ್ಥಿಯ ಊರಿನದೇ ಇರಲಿ: ಊರ ಕೆರೆ, ಜಾತ್ರೆ, ಸಂತೆ, ವೀರಗಲ್ಲು. ಮೂರು ಬಗೆಯ ಆಕರ ಕಡ್ಡಾಯ ಮಾಡಿ: ಒಂದು ಪುಸ್ತಕ; ಒಂದು ಶಾಸನ, ಗೆಜೆಟಿಯರ್ ಅಥವಾ ಸರ್ಕಾರಿ ದಾಖಲೆ; ಊರಿನ ಒಬ್ಬ ಹಿರಿಯರ ಮಾತು. ಮೂರೂ ಒಂದೇ ಮಾತು ಹೇಳುವುದಿಲ್ಲ. ಎಲ್ಲಿ ಭಿನ್ನವಾಗುತ್ತವೆ, ತಾನು ಯಾವುದನ್ನು ಏಕೆ ನಂಬುತ್ತೇನೆ ಎಂದು ಬರೆಯಬೇಕಾದಾಗ ನಕಲು ಮಾಡಲು ಯಾವ ಗೈಡಿನಲ್ಲೂ ಏನೂ ಸಿಗುವುದಿಲ್ಲ.

ಮೂರನೆಯದು, ಅಂಕದ ಅರ್ಧ ಭಾಗವನ್ನು ದಾರಿಗೆ ಮೀಸಲಿಡಿ. ಟಿಪ್ಪಣಿ ಹಾಳೆಗಳನ್ನೂ ತರಿಸಿ, ಐದು ನಿಮಿಷ ಎದುರು ಕೂರಿಸಿಕೊಂಡು ‘ಈ ಮಾತು ಎಲ್ಲಿಂದ ಬಂತು, ಪುಟ ತೋರಿಸು’ ಎಂದು ಕೇಳಿ. ದೊಡ್ಡ ತರಗತಿಯಾದರೆ ಪ್ರತಿ ಸಲ ಕೆಲವರನ್ನು ಚೀಟಿ ಎತ್ತಿ ಕರೆಯಿರಿ. ಅತಿಥಿ ಉಪನ್ಯಾಸಕರ ಮೇಲಿರುವ ಹೊರೆ ನನಗೆ ಗೊತ್ತಿದೆ. ಅದಕ್ಕೇ ಪುಟ ಕಡಿಮೆ ಮಾಡಿ ಎಂದದ್ದು. ಓದಲಾಗದಷ್ಟು ಬರೆಸುವುದಕ್ಕಿಂತ ಓದಲಾಗುವಷ್ಟು ಬರೆಸುವುದು ನ್ಯಾಯ.

ನಾಲ್ಕನೆಯದು ನಮಗೇ ಸಂಬಂಧಿಸಿದ್ದು. ನಾವು ಕೊಡುವ ಪ್ರತಿ ನೋಟ್ಸಿನ ಕೆಳಗೆ ಆಕರ ಬರೆಯೋಣ. ತರಗತಿಯಲ್ಲಿ ವಿದ್ಯಾರ್ಥಿ ಹೇಳಿದ ಒಳ್ಳೆಯ ಮಾತನ್ನು ನಮ್ಮ ಲೇಖನದಲ್ಲಿ ಬಳಸಿದರೆ ಅವರ ಹೆಸರು ಹಾಕೋಣ. ಸಂಶೋಧನಾರ್ಥಿಯ ಕೆಲಸಕ್ಕೆ ಕೈಯಿಡದೆ ನಮ್ಮ ಹೆಸರು ಸೇರಿಸಿಕೊಳ್ಳುವುದನ್ನು ಬಿಡೋಣ. ಗೊತ್ತಿಲ್ಲದ್ದನ್ನು ಕೇಳಿದಾಗ ‘ನೋಡಿ ಹೇಳುತ್ತೇನೆ’ ಎಂದು ಹೇಳಿ, ಮರುದಿನ ಪುಸ್ತಕದೊಂದಿಗೆ ಬರೋಣ. ಇಡೀ ವರ್ಷದ ನೀತಿಪಾಠಕ್ಕಿಂತ ಆ ಒಂದು ದಿನ ವಿದ್ಯಾರ್ಥಿಯ ಮನಸ್ಸಿನಲ್ಲಿ ನಿಲ್ಲುತ್ತದೆ.

ವಿದ್ಯಾರ್ಥಿ ಮಿತ್ರರೆ, ಕೊನೆಯ ಮಾತು ನಿಮಗೆ. ಎಲ್ಲರಿಗೂ ಗೊತ್ತಿರುವುದನ್ನೇ ನೀವು ಬರೆಯುತ್ತಿದ್ದೀರಿ, ನಿಮ್ಮದೇನೂ ಇಲ್ಲ ಎಂಬ ಅಳುಕು ನಿಮಗಿರಬಹುದು. ಆ ಅಳುಕೇ ನಕಲಿಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ಊರಿನ ಕಲ್ಲನ್ನು, ನಿಮ್ಮ ಮನೆಯ ಹಿರಿಯರ ಮಾತನ್ನು, ನಿಮ್ಮ ಕಾಲದ ಅನುಭವವನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ. ಓದಿದ್ದನ್ನು ಓದಿದೆ ಎನ್ನಿ, ಕೇಳಿದ್ದನ್ನು ಕೇಳಿದೆ ಎನ್ನಿ, ಕಂಡದ್ದನ್ನು ಕಂಡೆ ಎನ್ನಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಈ ನಾಲ್ಕನ್ನು ಬೇರೆಬೇರೆಯಾಗಿ ಹೇಳಬಲ್ಲವರು ಯಾವ ವಿಷಯವನ್ನೇ ಬರೆಯಲಿ, ಅದರ ಮೇಲೆ ಇನ್ನೊಬ್ಬರು ನಂಬಿ ಕಟ್ಟಬಹುದು. ಅಧ್ಯಾಪಕ ಬಂಧುಗಳೆ, ಅಂಥವರನ್ನು ಸಿದ್ಧಪಡಿಸುವ ಕೆಲಸವನ್ನು ತಪಾಸಣೆಯ ಕೋಣೆಗೆ ಬಿಡದೆ ನಮ್ಮ ತರಗತಿಗೆ ತರೋಣ. ಮುಂದಿನ ಸೆಮಿಸ್ಟರಿನ ಮೊದಲ ಅಸೈನ್‌ಮೆಂಟಿನಿಂದಲೇ ಶುರುಮಾಡೋಣ.